ಮೆಟ್ಟಿಲಿದ್ದ ಸಮುದ್ರ

ಒಂದಾನೊಂದು ಕಾಲದಲ್ಲಿ, ಅಂದ್ರೆ ಬಸ್ಸು ರೈಲು ಒಂದೂ ಇಲ್ಲದ ಕಾಲದಲ್ಲಿ, ಎಲ್ಲಿಗೆ ಹೋಗಬೇಕಾದ್ರೂ ಕಾಲ್ನಡಿಗೆಯಲ್ಲೇ ಹೋಗಬೇಕು ಇಲ್ಲಾ ಎತ್ತಿನ ಗಾಡಿ ಹತ್ತಬೇಕು ಅನ್ನೋ ಕಾಲದಲ್ಲಿ, ಸೀಗೆಹಟ್ಟಿ ಅಂತ ಒಂದು ಊರಿತ್ತಂತೆ ಮಗಾ. ಕಣ್ಣು ಮುಚ್ಚಿಕೊಂಡೇ ಕೇಳು, ಕತೆ ಕೇಳೋಕೆ ಕಣ್ಣು ಬೇಡ. ಆ ಊರಲ್ಲಿ ಬೊಮ್ಮಕ್ಕ ಅಂತ ಒಬ್ಬ ಹುಡುಗಿ ಇದ್ದಳಂತೆ. ಅವಳಿಗೆ ಏನು ನೋಡಿದ್ರೂ ಅದು ಯಾಕೆ ಹಾಗಿದೆ ಅಂತ ಕೇಳೋ ಚಾಳಿ. ಕೋಳಿ ನೀರು ಕುಡಿಯೋವಾಗ ಯಾಕೆ ತಲೆ ಎತ್ತುತ್ತೆ, ಹೊಗೆ ಯಾಕೆ ಮೇಲಕ್ಕೇ ಹೋಗುತ್ತೆ, ಹೀಗೆ. ಅವಳಿಗೆ ಎಲ್ಲಕ್ಕಿಂತ ದೊಡ್ಡ ಆಸೆ ಏನಪ್ಪಾ ಅಂದ್ರೆ, ಸಮುದ್ರ ನೋಡಬೇಕು ಅಂತ. ಅಷ್ಟೊಂದು ನೀರಿದ್ದೂ ಅದು ಉಪ್ಪಂತೆ, ಉಪ್ಪು ಹಾಕಿದವರು ಯಾರು ಅಂತ ಅವಳಿಗೆ ಕುತೂಹಲ.

ಆ ಊರಿನ ಗಂಡಸರು ಎಷ್ಟೋ ಜನ ಸಮುದ್ರ ನೋಡಿ ಬಂದು, ಅದಕ್ಕೆ ಚೆಂದದ ಮೆಟ್ಟಿಲಿದೆ ಅಂತ ಹೇಳ್ತಿದ್ದರಂತೆ. ಆದರೆ ಹೆಣ್ಣುಮಕ್ಕಳು ಒಬ್ಬರೇ ಅಷ್ಟು ದೂರ ಹೋಗಿದ್ದೇ ಇಲ್ಲ. ಬೊಮ್ಮಕ್ಕ ಹಟ ಹಿಡಿದಳು, ಊಟ ಬಿಟ್ಟಳು, ಕೊನೆಗೆ ಊರ ಯಜಮಾನ ಚಿಕ್ಕಮಾದಪ್ಪ ಕಟ್ಟೆ ಮೇಲೆ ಕೂತು ತೀರ್ಮಾನ ಮಾಡಿದನಂತೆ. ಕಟ್ಟೆ ಅಂದ್ರೆ ಅರಳಿ ಮರದ ಸುತ್ತ ಕಟ್ಟಿರ್ತಾರಲ್ಲ, ಊರಿನ ಮಾತೆಲ್ಲ ನಡೆಯೋದು ಅಲ್ಲೇ. ಹೋಗಿ ಬಾ, ಆದರೆ ರಾಗಿ ಕುಯ್ಲಿಗೆ ಮುಂಚೆ ವಾಪಸ್ ಬರಬೇಕು, ಬಂದು ಈ ಕಟ್ಟೆ ಮುಂದೆ ನಿಂತು ನೋಡಿದ್ದನ್ನೆಲ್ಲ ಹೇಳಬೇಕು, ದಾರಿಯಲ್ಲಿ ಯಾರ ಹತ್ತಿರವಾದ್ರೂ ಮೋಸ ಹೋಗಿ ಬಂದ್ಯೋ, ನಿನ್ನ ಹಿಂದೆ ಈ ಊರಿನ ಯಾವ ಹೆಣ್ಣುಮಗಳನ್ನೂ ಒಬ್ಬಳೇ ಕಳಿಸಲ್ಲ ಅಂದನಂತೆ. ಬೊಮ್ಮಕ್ಕನ ತಂಗಿ ಚೆಲುವಿಗೆ ಆನೆ ಕಾಡು ನೋಡೋ ಆಸೆ, ಪಕ್ಕದ ಮನೆಯವಳಿಗೆ ದೊಡ್ಡ ಪೇಟೆ ನೋಡೋ ಆಸೆ. ಅವರೆಲ್ಲ ಬೊಮ್ಮಕ್ಕನ ಮುಖವನ್ನೇ ನೋಡ್ತಾ ನಿಂತಿದ್ದರಂತೆ. ಯಾಕೆ ಅಂತೀಯಾ? ಇವಳು ಸರಿಯಾಗಿ ಹೋಗಿ ಬಂದ್ರೆ ಅವರಿಗೂ ದಾರಿ, ಇಲ್ಲಾಂದ್ರೆ ಎಲ್ಲರಿಗೂ ಬಾಗಿಲು ಮುಚ್ಚಿದ ಹಾಗೆ.

ಬೊಮ್ಮಕ್ಕ ಹುರಿಹಿಟ್ಟು ಬೆಲ್ಲ ಕಟ್ಟಿಕೊಂಡು, ಸೆರಗಿನ ತುದಿಯಲ್ಲಿ ಇದ್ದಷ್ಟು ಚಿಲ್ಲರೆ ಕಾಸು ಗಂಟು ಹಾಕಿಕೊಂಡು ಹೊರಟಳಂತೆ. ಹುರಿಹಿಟ್ಟು ಯಾಕೆಂದ್ರೆ ಅದಕ್ಕೆ ಒಲೆ ಬೇಡ, ನೀರಲ್ಲಿ ಕಲಸಿ ತಿಂದ್ರೆ ಆಯ್ತು, ಕಾಸೂ ಉಳಿಯುತ್ತೆ. ನಡೆದು ನಡೆದು ಮಧ್ಯಾಹ್ನದ ಬಿಸಿಲಲ್ಲಿ ಗಂಟಲು ಒಣಗಿತ್ತು, ಆಮೇಲೆ ದಾರಿ ಪಕ್ಕದಲ್ಲಿ ಒಂದು ಚಪ್ಪರ ಕಾಣಿಸಿತಂತೆ. ಚಪ್ಪರದಡಿ ಒಬ್ಬ ಹೆಂಗಸು ಮಡಕೆ ಇಟ್ಟುಕೊಂಡು ಕೂತು, ಬಾರೇ ತಂಗಿ, ದಾರಿಹೋಕರಿಗೆ ಮಜ್ಜಿಗೆ ಧರ್ಮಕ್ಕೆ, ಕಾಸು ಬೇಡ ಅಂತ ಕರೆದಳಂತೆ. ಧರ್ಮಕ್ಕೆ ಮಜ್ಜಿಗೆ ಕೊಡೋರು ಆಗ ಎಲ್ಲ ದಾರಿಯಲ್ಲೂ ಇದ್ದರು, ಅದರಲ್ಲಿ ಅನುಮಾನ ಪಡೋದೇನೂ ಇರಲಿಲ್ಲ. ಬೊಮ್ಮಕ್ಕ ಚಾಪೆ ಮೇಲೆ ಕೂತು ಹೊಟ್ಟೆ ತುಂಬ ಕುಡಿದು, ನಿನ್ನ ಹೊಟ್ಟೆ ತಣ್ಣಗಿರಲಿ ಅಕ್ಕ ಅಂತ ಎದ್ದಳಂತೆ. ಆ ಹೆಂಗಸು ಕೈ ಚಾಚಿದಳಂತೆ. ಮಜ್ಜಿಗೆಗೆ ಕಾಸಿಲ್ಲ ಕಣಮ್ಮ, ಚಪ್ಪರ ಹಾಕಿಸೋಕೆ ನನಗೆ ಖರ್ಚಾಗಿದೆ, ನೆರಳಿಗೆ ಕೊಡು, ಚಾಪೆಗೆ ಕೊಡು ಅಂದಳಂತೆ. ಮೊದಲೇ ಹೇಳಿದ್ರೆ ಬಿಸಿಲಲ್ಲೇ ನಿಂತು ಕುಡೀತಿದ್ದೆ ಅಂದಳಂತೆ ಬೊಮ್ಮಕ್ಕ. ಅದಕ್ಕೇ ಮೊದಲು ಹೇಳಲ್ಲ ಅಂದಳಂತೆ ಅವಳು. ಬೊಮ್ಮಕ್ಕನಿಗೆ ಸಿಟ್ಟೂ ಬಂತು, ನಗೂ ಬಂತು, ಕಾಸು ಬಿಚ್ಚಿ ಕೊಟ್ಟು ಹೊರಟಳಂತೆ.

ಆಮೇಲೆ ಒಂದು ಪೇಟೆ ಬಂತಂತೆ. ಪೇಟೆ ಬಾಗಿಲಲ್ಲೇ ಒಬ್ಬ ಪೇಟ ಸುತ್ತಿದ ಮನುಷ್ಯ ಸಿಕ್ಕಿ, ಯಾವೂರಮ್ಮ ಅಂತ ಕೇಳಿದ. ಇವಳು ಹೇಳಿದಳು. ನಿಮ್ಮಮ್ಮನ ತವರು ಯಾವುದು ಅಂದ. ಅದನ್ನೂ ಹೇಳಿದಳು. ಅಯ್ಯೋ, ಹಾಗಾದ್ರೆ ನಾನು ನಿನಗೆ ಸೋದರಮಾವ ಆಗಬೇಕಲ್ಲೇ, ಚಿಕ್ಕ ಮಗುವಿದ್ದಾಗ ನಿನ್ನ ಎತ್ತಿಕೊಂಡಿದ್ದೀನಿ ಅಂದನಂತೆ. ನೋಡು ಮಗಾ, ಊರ ಹೆಸರು ಹೇಳಿದ್ದು ಇವಳೇ, ಅವನು ಅದನ್ನೇ ತಿರುಗಿಸಿ ಇವಳಿಗೇ ಕೊಟ್ಟ. ಆದರೆ ದೂರದ ಊರಲ್ಲಿ ಒಬ್ಬಳೇ ಇರೋವಾಗ ಮಾವ ಅಂತ ಒಬ್ಬ ಸಿಕ್ಕಿದ್ರೆ ಜೀವಕ್ಕೆ ಎಷ್ಟು ಹಿತ ಆಗುತ್ತೆ, ಅದಕ್ಕೇ ಅವಳು ನಂಬಿಬಿಟ್ಟಳು. ಮಾವ ಅವಳನ್ನ ಪೇಟೆ ತುಂಬ ಸುತ್ತಾಡಿಸಿದನಂತೆ. ಈ ಕಲ್ಲಿನ ಮೇಲೆ ರಾಜ ಕೂತಿದ್ದ ಅಂದ, ಆ ಮರದ ಕೆಳಗೆ ರಾಣಿ ಮುನಿಸಿಕೊಂಡಿದ್ದಳು ಅಂದ. ಯಾವ ರಾಜ, ಯಾಕೆ ಮುನಿಸು ಅಂತ ಬೊಮ್ಮಕ್ಕ ಕೇಳಿದ್ದಕ್ಕೆಲ್ಲ ಅವನು, ಅದು ದೊಡ್ಡ ಕತೆ, ಬೇಗ ನಡಿ ಅಂತಿದ್ದನಂತೆ. ಸುತ್ತಿ ಸುತ್ತಿ ಕೊನೆಗೆ ಬಂದಿದ್ದು ಅವನ ಷಡ್ಡಕನ ಬಳೆ ಅಂಗಡಿಗೆ. ಷಡ್ಡಕ ಅಂದ್ರೆ ಹೆಂಡತಿಯ ಅಕ್ಕನೋ ತಂಗಿನೋ, ಅವರ ಗಂಡ. ಅವನು ಬಾಯಿ ತುಂಬ ಮಾತಾಡ್ತಾ, ಸುಮ್ನೆ ಅಳತೆ ನೋಡೋಣ ಅಂತ ಕೈ ಹಿಡಿದು, ಎರಡೂ ಕೈಗೆ ಬಳೆ ಏರಿಸಿಯೇ ಬಿಟ್ಟನಂತೆ. ಹಾಕಿದ ಬಳೆ ಬಿಚ್ಚಿ ಕೈ ಬರಿದು ಮಾಡಿಕೊಂಡು ಎದ್ದು ಬರೋದು ಹೆಣ್ಣುಮಕ್ಕಳಿಗೆ ಒಳ್ಳೇದಲ್ಲ ಅಂತ ಆ ಕಾಲದಲ್ಲಿ ನಂಬಿಕೆ. ಅದು ಅಂಗಡಿಯವನಿಗೂ ಗೊತ್ತು. ಹೀಗಾಗಿ ಬೊಮ್ಮಕ್ಕ ಮತ್ತೆ ಸೆರಗಿನ ಗಂಟು ಬಿಚ್ಚಿದಳು. ತಿರುಗಿ ನೋಡಿದ್ರೆ ಮಾವ ಬೀದಿಯಲ್ಲಿ ಇನ್ನೊಬ್ಬಳ ತಾಯಿಯ ತವರು ವಿಚಾರಿಸ್ತಾ ನಿಂತಿದ್ದನಂತೆ.

ಮೋಸ ಹೋದೆನಲ್ಲಾ, ಕಟ್ಟೆ ಮುಂದೆ ಏನು ಹೇಳಲಿ, ಚೆಲುವಿಯ ಮುಖ ಹೇಗೆ ನೋಡಲಿ ಅಂತ ಅವಳಿಗೆ ಅಳು ಬಂತಂತೆ. ಆದರೂ ಸಮುದ್ರ ನೋಡದೆ ತಿರುಗಿದ್ರೆ ಎರಡೂ ಹೋಯ್ತಲ್ಲಾ ಅಂತ ಮುಂದಕ್ಕೇ ನಡೆದಳಂತೆ. ಆಮೇಲೆ ಸಮುದ್ರಕ್ಕೆ ಯಾವ ದಾರಿ ಅಂತ ಸಿಕ್ಕಿದವರನ್ನೆಲ್ಲ ಕೇಳಿದಳು, ಎಲ್ಲರೂ ಒಂದೇ ಕಡೆ ಕೈ ತೋರಿಸಿದರಂತೆ. ಹೋಗಿ ನೋಡಿದ್ರೆ ಎತ್ತರದ ಕಲ್ಲು ಬಾಗಿಲು, ಒಳಗೆ ಚೆಂದದ ಕಲ್ಲು ಮೆಟ್ಟಿಲು, ಮೆಟ್ಟಿಲ ಕೆಳಗೆ ಹಸಿರು ನೀರು. ಬಾಗಿಲಲ್ಲಿ ಒಬ್ಬ ಕಾವಲುಗಾರ ಕೂತಿದ್ದ, ಯಾವೂರು ಅಂತ ಕೇಳಿಕೊಂಡು, ಇದೇ ಸಮುದ್ರ, ದರ್ಶನಕ್ಕೆ ಕಾಸು ಅಂತ ಉಳಿದಿದ್ದ ಚಿಲ್ಲರೆಯೆಲ್ಲ ಇಸ್ಕೊಂಡನಂತೆ.

ಈಗ ಒಂದು ವಿಷಯ ಹೇಳಬೇಕು, ಇಲ್ಲಾಂದ್ರೆ ನಿನಗೆ ಮುಂದಿನದು ಅರ್ಥ ಆಗಲ್ಲ. ಸೀಗೆಹಟ್ಟಿ ಕಡೆ ನೀರಿಗೆ ಬಹಳ ಬರ. ಅದಕ್ಕೆ ಅವರಲ್ಲಿ ಒಂದು ಪದ್ಧತಿ. ಬೇರೆ ಊರಿನ ಬಾವಿಗಾಗಲಿ ಕೆರೆಗಾಗಲಿ ತಾವಾಗಿ ಕೈ ಹಾಕಬಾರದು, ಆ ಊರಿನವರೇ ಮೊಗೆದು ಕೊಟ್ಟರೆ ಕುಡೀಬೇಕು. ಕೇಳದೆ ಕೈ ಹಾಕಿದ್ರೆ ಬೇರೆಯವರ ಕಣಜಕ್ಕೆ ಕೈ ಹಾಕಿದ ಹಾಗೆ. ಬೊಮ್ಮಕ್ಕನೂ ಮೆಟ್ಟಿಲ ಮೇಲೆ ಕೈ ಕಟ್ಟಿ ನಿಂತು, ಅಣ್ಣಾ, ಉಪ್ಪು ಅಂತಾರಲ್ಲ, ಸ್ವಲ್ಪ ಮೊಗೆದು ಕೊಡಿ ಅಂದಳಂತೆ. ಅವನು ಪಕ್ಕದಲ್ಲಿದ್ದ ಬಿಂದಿಗೆ ಎತ್ತಿ ಅವಳ ಬೊಗಸೆಗೆ ಸುರಿದ. ಕುಡಿದಳು. ಉಪ್ಪೋ ಉಪ್ಪು. ಅಬ್ಬಾ, ಕೊನೆಗೂ ಸಮುದ್ರ ನೋಡಿದೆ ಅಂತ ಒದ್ದೆ ಕೈಯನ್ನ ಕಣ್ಣಿಗೆ ಒತ್ತಿಕೊಂಡಳಂತೆ.

ಒತ್ತಿಕೊಂಡು ಕಣ್ಣು ಬಿಟ್ಟಾಗ ಆ ಕಡೆಯ ದಡದಲ್ಲಿ ಒಂದು ಎಮ್ಮೆ ಇಳಿದು ಬಂದು ಸೊರ ಸೊರ ಅಂತ ನೀರು ಹೀರ್ತಾ ಇತ್ತಂತೆ. ಬೊಮ್ಮಕ್ಕ ಎಮ್ಮೆ ಸಾಕಿದ ಮನೆಯವಳು. ಅವರ ಎಮ್ಮೆ ನೀರು ಸ್ವಲ್ಪ ಉಪ್ಪುಪ್ಪಾಗಿ ಚವುಳಾಗಿದ್ರೂ ಮೂಸಿ ಮುಖ ತಿರುಗಿಸ್ತಿತ್ತು. ಇದು ಹೇಗೆ ಕುಡೀತಿದೆ ಅಂತ ಅವಳಿಗೆ ಯೋಚನೆ ಹತ್ತಿತಂತೆ. ಕೈ ಹಾಕಬಾರದು ಅನ್ನೋದು ಒಂದು ಕಡೆ, ಯಾಕೆ ಕುಡೀತಿದೆ ಅನ್ನೋದು ಇನ್ನೊಂದು ಕಡೆ. ಆಮೇಲೆ ಕೊನೆ ಮೆಟ್ಟಿಲವರೆಗೆ ಇಳಿದು, ಹುಟ್ಟಿದಾಗಿನಿಂದ ಮಾಡದೇ ಇದ್ದ ಕೆಲಸ ಮಾಡಿದಳಂತೆ, ತಾನೇ ಕೈ ಅದ್ದಿ ಬಾಯಿಗೆ ಹಾಕಿದಳಂತೆ. ಸಪ್ಪೆ ನೀರು. ನಮ್ಮ ನಿಮ್ಮ ಕೆರೆ ನೀರಿನ ಹಾಗೇ.

ಬಿಂದಿಗೆಗೆ ಉಪ್ಪು ಕಲಸಿಟ್ಟಿದ್ದೀಯಾ ಅಂತ ಅವಳು ಕೇಳಿದಳಂತೆ. ಕಾವಲುಗಾರ ನಾಚಿಕೊಳ್ಳಲೂ ಇಲ್ಲ, ಜಗಳಕ್ಕೂ ಬರಲಿಲ್ಲ.

"ನಿಮ್ಮ ಕಡೆಯವರು ಯಾರೂ ಇಲ್ಲೀವರೆಗೆ ನೀರಿಗೆ ಕೈ ಹಾಕಿರಲಿಲ್ಲ ಕಣಮ್ಮ" ಅಂದನಂತೆ. "ಎಲ್ಲರೂ ನೀನು ನಿಂತ ಜಾಗದಲ್ಲೇ ನಿಂತು, ನಾನು ಸುರಿದಿದ್ದನ್ನ ಕುಡಿದು, ಕೈ ಮುಗಿದು ಹೋಗ್ತಾರೆ. ಚಿಕ್ಕಮಾದಪ್ಪ ಅಂತ ನಿಮ್ಮ ಯಜಮಾನ ಬಂದಿದ್ದಾಗ ಕಣ್ಣೀರೇ ಹಾಕಿದ."

ಬೊಮ್ಮಕ್ಕ ಮೆಟ್ಟಿಲ ಮೇಲೆ ಕೂತು ಯೋಚನೆ ಮಾಡಿದಳಂತೆ. ಹಾಗಾದ್ರೆ ಊರಲ್ಲಿ ಸಮುದ್ರ ನೋಡಿದವರು ಒಬ್ಬರೂ ಇಲ್ಲ. ನಿಜ ಹೇಳಿದ್ರೆ ಇವಳೇ ಸುಳ್ಳಿ ಅಂತಾರೆ, ಮೆಟ್ಟಿಲಿತ್ತು ಅಂತ ಅವರ ಹಾಗೇ ಹೇಳಿದ್ರೆ ಹುಡುಗಿಯರಿಗೆಲ್ಲ ದಾರಿ ಬಿಡ್ತಾರೆ. ಏನು ಮಾಡೋದು? ಕಾವಲುಗಾರನಿಗೆ ಪಾಪ ಅನಿಸಿ, ಕಾಸು ಬೇಕಾದ್ರೆ ವಾಪಸ್ ತಗೊಂಡು ಹೋಗು, ಯಾರಿಗೂ ಹೇಳಬೇಡ ಅಂದನಂತೆ. ಬೇರೆಯವರಾಗಿದ್ರೆ ಕಾಸು ತಗೋತಿದ್ರು. ಬೊಮ್ಮಕ್ಕ ಏನು ಕೇಳಿದಳು ಗೊತ್ತಾ?

"ಕಾಸು ನೀನೇ ಇಟ್ಟುಕೋ. ಬಿಂದಿಗೆಗೆ ಹಾಕಿದ ಈ ಉಪ್ಪು ನಿನಗೆ ಎಲ್ಲಿಂದ ಬರುತ್ತೆ, ಅದನ್ನ ಹೇಳು."

ಅವನು ತಲೆ ಕೆರೆದುಕೊಂಡು, ಪಡುವಣ ದಿಕ್ಕಿಂದ ಉಪ್ಪಿನ ಗಾಡಿಗಳು ಬರ್ತಾವೆ, ಎಲ್ಲಿಂದ ಅಂತ ನಾನು ಕೇಳಿಲ್ಲ ಅಂದನಂತೆ. ಸಮುದ್ರ ತೋರಿಸೋ ಕೆಲಸ ಮಾಡ್ತಿದ್ದ ಅವನೂ ಸಮುದ್ರ ನೋಡಿರಲಿಲ್ಲ, ನೋಡು.

ಆಮೇಲೆ ಬೊಮ್ಮಕ್ಕ ಸಂತೆಯಲ್ಲಿ ಉಪ್ಪು ಇಳಿಸಿ ಖಾಲಿ ಗಾಡಿ ಕಟ್ಟಿಕೊಂಡು ವಾಪಸ್ ಹೊರಟವರನ್ನ ಹುಡುಕಿದಳಂತೆ. ಕೊಡೋಕೆ ಕಾಸಿಲ್ಲ, ದಾರಿಯುದ್ದಕ್ಕೂ ಮುದ್ದೆ ತಿರುವಿ ಹಾಕ್ತೀನಿ ಅಂದಳು. ಗಾಡಿಯವರು ಒಪ್ಪಿದರು, ಯಾಕಂದ್ರೆ ಅವರು ಮಾಡ್ತಿದ್ದ ಮುದ್ದೆ ತುಂಬ ಗಂಟು. ಹೀಗೆ ಗಾಡಿ ಘಟ್ಟ ಇಳೀತು, ಗಾಳಿಯ ವಾಸನೆ ಬೇರೆ ಆಯ್ತು, ನೆಲ ಮರಳಾಯ್ತು, ಆಮೇಲೆ ಒಂದು ತಿರುವಿನಲ್ಲಿ ಬೊಮ್ಮಕ್ಕ ಗಾಡಿಯಿಂದ ಧುಮುಕಿಬಿಟ್ಟಳಂತೆ. ನೀರು ಎದ್ದು ನಡೆದು ಬರ್ತಾ ಇತ್ತಂತೆ, ಬಂದು ಬಂದು ವಾಪಸ್ ಹೋಗ್ತಾ ಇತ್ತಂತೆ, ಆ ಕಡೆ ದಡವೇ ಇರಲಿಲ್ಲವಂತೆ. ಅಲ್ಲೇ ಮೀನು ಒಣಗಿಸ್ತಾ ಇದ್ದ ಒಬ್ಬ ಹೆಂಗಸಿನ ಹತ್ತಿರ ಹೋಗಿ, ಅಮ್ಮಾ, ನೋಡೋಕೆ ಯಾರಿಗೆ ಕಾಸು ಕೊಡಬೇಕು, ನಿಂತ ಜಾಗಕ್ಕೆ ಏನಾದ್ರೂ ಉಂಟಾ, ಯಾರು ಮೊಗೆದು ಕೊಡ್ತಾರೆ ಅಂತ ಬೊಮ್ಮಕ್ಕ ಒಂದೇ ಉಸಿರಲ್ಲಿ ಕೇಳಿದಳಂತೆ. ಪಾಪ, ಅಷ್ಟು ಪೆಟ್ಟು ತಿಂದಿದ್ದಳು. ಆ ಹೆಂಗಸು ಹೊಟ್ಟೆ ಹಿಡಿದುಕೊಂಡು ನಕ್ಕಳಂತೆ. ಇದಕ್ಕೆ ಬಾಗಿಲಿದ್ರೆ ತಾನೇ ಮಗಳೇ ಕಾಸು ಇಸ್ಕೊಳೋದು, ಹೋಗು, ಕಾಲಿಟ್ಟು ನೋಡು, ನಿನಗೇ ಮೈಮೇಲೆ ಮೊಗೆದು ಹುಯ್ಯುತ್ತೆ ಅಂದಳಂತೆ. ಉಪ್ಪು ಹಾಕಿದವರು ಯಾರು ಅಂದಿದ್ದಕ್ಕೆ ಮಾತ್ರ, ನಾನೂ ಹುಟ್ಟಿದಾಗಿನಿಂದ ಅದನ್ನೇ ಯೋಚನೆ ಮಾಡ್ತಿದ್ದೀನಿ ಅಂದಳಂತೆ. ಇಬ್ಬರೂ ಸೂರ್ಯ ಇಳಿಯೋವರೆಗೆ ಕೂತು ಅದನ್ನೇ ಮಾತಾಡಿದರಂತೆ.

ಆಮೇಲೆ ಬೊಮ್ಮಕ್ಕ ಉಪ್ಪು ಹೊತ್ತ ಗಾಡಿ ಜೊತೆ ಘಟ್ಟ ಹತ್ತಿ, ರಾಗಿ ಕುಯ್ಲಿಗೆ ಮುಂಚೆ ಊರು ಸೇರಿದಳು. ಕಟ್ಟೆ ಸುತ್ತ ಊರೇ ನೆರೆದಿತ್ತು. ಚೆಲುವಿ ಗೆಳತಿಯರ ಕೈ ಹಿಡಿದುಕೊಂಡು ಮುಂದೆಯೇ ನಿಂತಿದ್ದಳು. ಚಿಕ್ಕಮಾದಪ್ಪ ಕೇಳಿದ, ಮೋಸ ಹೋದ್ಯಾ ಅಂತ. ಬೊಮ್ಮಕ್ಕ ದಾರಿಯುದ್ದಕ್ಕೂ ಯೋಚನೆ ಮಾಡಿಕೊಂಡು ಬಂದಿದ್ದಳು. ಸುಳ್ಳು ಹೇಳಿ ದಾರಿ ಬಿಡಿಸಿದ್ರೆ, ನಾಳೆ ಚೆಲುವಿ ಹೋಗಿ ಅದೇ ಚಾಪೆ ಮೇಲೆ ಕೂರ್ತಾಳೆ, ಅದೇ ಮಾವನ ಹಿಂದೆ ಹೋಗ್ತಾಳೆ. ಅದಕ್ಕೆ ಹೌದು, ಮೋಸ ಹೋದೆ ಅಂದಳಂತೆ. ಮಜ್ಜಿಗೆ ವಿಷಯ ಹೇಳಿದಳು, ಬಳೆ ವಿಷಯ ಹೇಳಿದಳು. ಜನ ಲೊಚಗುಟ್ಟಿದರು. ಯಜಮಾನ, ಮುಗೀತಲ್ಲ ಅಂತ ಏಳೋಕೆ ಹೋದ.

ಇನ್ನೂ ಒಂದಿದೆ ಯಜಮಾನರೇ, ಕೂತ್ಕೊಳ್ಳಿ ಅಂದಳಂತೆ ಬೊಮ್ಮಕ್ಕ. ಕಲ್ಲು ಬಾಗಿಲು, ಮೆಟ್ಟಿಲು, ಬಿಂದಿಗೆ, ಎಮ್ಮೆ, ಎಲ್ಲ ಹೇಳಿದಳು. ಕಾವಲುಗಾರ ನಿಮ್ಮ ಹೆಸರು ಹೇಳಿದ ಅಂತ ಮಾತ್ರ ಹೇಳಲಿಲ್ಲ. ಯಾಕೆ? ಹೇಳೋ ಅಗತ್ಯವೇ ಬೀಳಲಿಲ್ಲ. ಸಮುದ್ರ ನೋಡಿ ಬಂದ ಗಂಡಸರೆಲ್ಲ ಒಬ್ಬೊಬ್ಬರಾಗಿ ತಲೆ ಕೆಳಗೆ ಹಾಕಿದ್ದರಂತೆ. ಆಗ ಹೆಂಗಸರ ಗುಂಪಿನಿಂದ ಯಜಮಾನನ ಹೆಂಡತಿ ಸಾಕಮ್ಮ ಮಾತಾಡಿದಳಂತೆ.

"ಮೋಸ ಹೋದವರು ಊರು ಬಿಟ್ಟು ಹೋಗಬಾರದು ಅಂದ್ರೆ ನಾಳೆ ಸಂತೆಗೆ ಹೋಗೋರು ಯಾರು? ಈ ಊರಿನ ಗಂಡಸರೆಲ್ಲ ಮನೇಲಿ ಕೂತು ರಾಗಿ ಬೀಸಲಿ."

ಹೆಂಗಸರು ಕಿಸಕ್ಕನೆ ನಕ್ಕರು, ಆಮೇಲೆ ಮಕ್ಕಳು ನಕ್ಕರು, ಆಮೇಲೆ ಗಂಡಸರಿಗೂ ನಗು ತಡೆಯೋಕಾಗಲಿಲ್ಲ. ಚಿಕ್ಕಮಾದಪ್ಪ ಒಬ್ಬನೇ ನಗಲಿಲ್ಲ. ಮೆಲ್ಲಗೆ ಬೊಮ್ಮಕ್ಕನನ್ನ ಕೇಳಿದನಂತೆ.

"ಆ ಕಡೆ ದಡ ಕಾಣಿಸಲ್ವೇನಮ್ಮ?"

ಇಲ್ಲ ಯಜಮಾನರೇ, ಇಲ್ಲವೇ ಇಲ್ಲ ಅಂದಳಂತೆ.

"ನಾನು ಹೋದಾಗ ಆ ಕಡೆ ಅಗಸರು ಬಟ್ಟೆ ಒಣಗಿಸ್ತಾ ಇದ್ರು. ಸಮುದ್ರ ಅಂದ್ರೆ ಇಷ್ಟೇನಾ ಅಂತ ನನಗೆ ಆಗಲೇ ಅನಿಸಿತ್ತು" ಅಂದನಂತೆ ಚಿಕ್ಕಮಾದಪ್ಪ. "ಅಷ್ಟು ದೂರ ಹೋಗಿ ಯಾರನ್ನ ಕೇಳಲಿ ಅಂತ ಸುಮ್ಮನಾದೆ."

ಆಮೇಲೆ ಅವನು ಎದ್ದು ನಿಂತು, ಊರಿನ ಹೆಣ್ಣುಮಕ್ಕಳು ಎಲ್ಲಿಗೆ ಹೋಗಬೇಕೋ ಅಲ್ಲಿಗೆ ಹೋಗಲಿ, ಹೋಗೋ ಮುಂಚೆ ಬೊಮ್ಮಕ್ಕನ ಹತ್ತಿರ ಕೂತು ದಾರಿಯ ಮೋಸಗಳನ್ನೆಲ್ಲ ಕೇಳಿಕೊಂಡು ಹೋಗಲಿ ಅಂತ ತೀರ್ಮಾನ ಹೇಳಿದನಂತೆ. ರಾಗಿ ಕುಯ್ಲು ಮುಗಿದ ಮೇಲೆ ಚೆಲುವಿ ಆನೆ ಕಾಡಿಗೆ ಹೋದಳು, ಪಕ್ಕದ ಮನೆಯವಳು ಪೇಟೆಗೆ ಹೋದಳು. ಚಿಕ್ಕಮಾದಪ್ಪನೂ ಸಾಕಮ್ಮನೂ ಉಪ್ಪಿನ ಗಾಡಿ ಹತ್ತಿ ಪಡುವಣಕ್ಕೆ ಹೋದರಂತೆ. ಅಲ್ಲಿ ನೀರು ಬಂದು ಕಾಲು ಮುಟ್ಟಿದಾಗ ಯಜಮಾನ ಹಣೆಗೆ ಕೈ ಅಡ್ಡ ಇಟ್ಟುಕೊಂಡು ಆ ಕಡೆ ದಡ ಹುಡುಕ್ತಾನೇ ನಿಂತಿದ್ದನಂತೆ, ಸಾಕಮ್ಮ ಊಟಕ್ಕೆ ಕರೆದ್ರೂ ಬರಲಿಲ್ಲವಂತೆ.

ಅವರೆಲ್ಲ ಅಲ್ಲಿ ಚೆನ್ನಾಗಿದ್ದಾರೆ, ನಾವು ಇಲ್ಲಿ ಚೆನ್ನಾಗಿದ್ದೀವಿ. ಕತೆ ಮಡಚಿ ಇಟ್ಟೆ ಮಗಾ, ಕಂಬಳಿ ಬಿಚ್ಚಿ ಹೊದ್ದುಕೋ, ಮುಗೀತು.