ಹುಲಿ ನೋಡಿ ಬಂದ ತನಿಯ

ಬಾ, ಕಾಲು ಒಳಗೆ ಎಳ್ಕೋ, ಕಂಬಳಿ ಹೊದ್ಕೋ. ಒಂದಾನೊಂದು ಕಾಲದಲ್ಲಿ, ನಮ್ಮಜ್ಜಿಯ ಅಜ್ಜಿಗೆ ಇನ್ನೂ ಹಲ್ಲು ಹುಟ್ಟೋಕೆ ಮುಂಚೆ, ಕಡಲ ದಂಡೆಯ ಒಂದೂರಲ್ಲಿ ತನಿಯ ಅಂತ ಒಬ್ಬ ಇದ್ನಂತೆ. ಮೂರು ವರ್ಷ ತುಂಬಿದ್ರೂ ಮಗುವಿನ ಕಾಲು ನೆಲಕ್ಕೆ ಊರ್ತಿರ್ಲಿಲ್ಲವಂತೆ. ಅವನಮ್ಮ ಸೇಸಮ್ಮ ದೇವಿ ಮುಂದೆ ಸೆರಗೊಡ್ಡಿ, ತಾಯೀ, ಇವನೊಂದು ನಡೆದ್ರೆ ಸಾಕು, ನವರಾತ್ರಿಗೆ ಹುಲಿವೇಷ ಹಾಕಿಸ್ತೀನಿ ಅಂತ ಹರಕೆ ಹೊತ್ಲಂತೆ. ಆಮೇಲೆ ಹುಡುಗ ನಡೆದ, ಓಡಿದ, ಮೀಸೇನೂ ಬಂತು, ಹರಕೆ ಮಾತ್ರ ಹಾಗೇ ಉಳೀತಂತೆ.

ಯಾಕಂತೀಯ? ಆ ಊರಲ್ಲಿ ಹುಲಿ ಬಣ್ಣ ಬಳಿಯೋನು ದೂಮಣ್ಣ ಅನ್ನೋ ಗುರು ಒಬ್ಬನೇ, ಅವನೋ ಬಲು ಬಿಗಿ. ತನಿಯ ಲಾಗ ಹಾಕಿ ತೋರಿಸ್ದ, ಹುಲ್ಲಲ್ಲಿ ಬಿಗಿದ ಭಾರದ ಅಕ್ಕಿಮುಡೀನ ಹಲ್ಲಲ್ಲಿ ಕಚ್ಚಿ ಎತ್ತಿ ಹಿಂದಕ್ಕೆ ಎಸೆದ. ದೂಮಣ್ಣ ಎಲೆಯಡಿಕೆ ಜಗೀತಾ, ಕೆಂಡ ತುಳಿದ ಬೆಕ್ಕಿನ ಹಾಗೆ ಹಾರ್ತೀಯಲ್ಲೋ, ಯಾವತ್ತಾದ್ರೂ ಹುಲಿ ನೋಡಿದೀಯ? ನೋಡ್ಕೊಂಡು ಬಾ, ಆಮೇಲೆ ಬಣ್ಣ, ಅಂದ್ಬಿಟ್ನಂತೆ. ಇತ್ತ ಸೇಸಮ್ಮನಿಗೆ ವಯಸ್ಸಾಯ್ತು. ಹರಕೆ ತೀರಿಸದೆ ಸತ್ರೆ ದೇವಿಗೆ ಯಾವ ಮುಖ ತೋರಿಸ್ಲೋ ಮಗನೇ ಅಂತ ದಿನಾ ಕಣ್ಣೀರು. ತನಿಯನಿಗೆ ಉಂಡ ಅನ್ನ ಮೈಗೆ ಹತ್ತಲಿಲ್ಲವಂತೆ. ನವರಾತ್ರಿಗೆ ಹದಿನೈದೇ ದಿನ ಇತ್ತು, ಬುತ್ತಿ ಕಟ್ಕೊಂಡು ಘಟ್ಟ ಹತ್ತಿದ್ನಂತೆ.

ಘಟ್ಟದ ಮೇಲೆ ಒಂದು ದೊಡ್ಡ ಕಾಡು. ರಾಜ ಅದನ್ನ ಹುಲಿಗಳಿಗೇ ಬಿಟ್ಟುಕೊಟ್ಟು ಕಾವಲಿಟ್ಟಿದ್ನಂತೆ. ಅಲ್ಲಿಗೆ ಕೊಡಲಿ ಒಯ್ಯೋ ಹಾಗಿಲ್ಲ, ಕೋವಿ ಒಯ್ಯೋ ಹಾಗಿಲ್ಲ. ನೋಡೋಕೆ ಬಂದೋರು ಕೇತಜ್ಜಿ ಅನ್ನೋ ಕಾವಲಿನ ಮುದುಕಿ ಹಿಂದೆ ನಡೀಬೇಕು, ಅದೂ ಮೂರೇ ದಿನ, ನಾಲ್ಕನೇ ದಿನ ಮನೆಗೆ. ಕೇತಜ್ಜಿ ಹುಲಿ ಅಂತ ಬಾಯಲ್ಲಿ ಅನ್ನೋಳೇ ಅಲ್ಲ, ದೊಡ್ಡೋರು ಅನ್ನೋಳು. ದೊಡ್ಡೋರು ಮನಸ್ಸು ಮಾಡಿದ್ರೆ ಕಾಣಿಸ್ಕೋತಾರೆ ಕಣಪ್ಪ, ಕರೆದ್ರೆ ಬರೋ ನೆಂಟರಲ್ಲ, ಅಂದ್ಳಂತೆ.

ಮೊದಲನೇ ದಿನ ಏನಾಯ್ತು, ತನಿಯನ ಕಾಲು ಸುಮ್ನಿರಬೇಕಲ್ಲ! ಹೆಜ್ಜೆ ಹೆಜ್ಜೆಗೂ ಬಾಯಲ್ಲೇ ಹುಲಿಕುಣಿತದ ತಾಸೆ ವಾದ್ಯ ಬಡೀತಾನೆ, ಡಂಕುಣಕು ಡಂಕುಣಕು. ಜಿಂಕೆ ಹಿಂಡು ಚದುರಿ ಓಡ್ತು, ನವಿಲು ಮರ ಹತ್ತಿ ಬೈಯ್ತು, ಹುಲಿಯ ಬಾಲ ಕೂಡ ಕಾಣಲಿಲ್ಲವಂತೆ. ಕೇತಜ್ಜಿ, ನಿನ್ನ ಮದುವೆ ದಿಬ್ಬಣ ನೋಡಿ ದೊಡ್ಡೋರು ದಾರಿ ಬಿಟ್ರು ಅಂತ ಗದರಿದ್ಳಂತೆ.

ಎರಡನೇ ದಿನ ತನಿಯ ತುಟಿ ಬಿಚ್ಚಲಿಲ್ಲ. ಕೆಸರಲ್ಲಿ ಹೊಸ ಹೆಜ್ಜೆ ಸಿಕ್ತು, ಅನ್ನದ ತಟ್ಟೆಯಷ್ಟು ಅಗಲ. ಇನ್ನೇನು ಕಂಡೇ ಬಿಡ್ತು ಅನ್ನೋ ಹೊತ್ತಿಗೆ ಪೊದೆಯಿಂದ ಗುರ್ ಅಂತ ಹೊರಗೆ ಬಂದದ್ದು ಏನು ಗೊತ್ತಾ? ಕಾಡುಹಂದಿ! ಕಡಲ ಕಡೆಯೋನಲ್ವ, ಒಣಮೀನಿಲ್ಲದೆ ಗಂಜಿ ಇಳಿಯೋದಿಲ್ಲ, ಬುತ್ತಿ ತುಂಬ ಒಣಮೀನು ಚಟ್ನಿ. ಆ ವಾಸನೆ ಅರ್ಧ ಕಾಡಿಗೆ ಹಬ್ಬಿತ್ತಂತೆ. ಹಂದಿ ಬುತ್ತಿ ತಿಂದು ಮುಗಿಸೋವರೆಗೂ ತನಿಯ ಮರದ ಮೇಲೆ. ನಗಬೇಡ, ನೀನಾಗಿದ್ರೂ ಹತ್ತಿರ್ತಿದ್ದೆ.

ಮೂರನೇ ದಿನ, ಕೊನೇ ದಿನ. ತನಿಯ ತೊರೆಯಲ್ಲಿ ಮಿಂದು, ಬರಿಗೈಯಲ್ಲಿ, ಹೊಂಡದ ಪಕ್ಕ ಬಿದಿರು ಮೆಳೆ ಹಿಂದೆ ಅಜ್ಜಿ ಜೊತೆ ಕೂತ್ನಂತೆ. ಜಿಗಣೆ ಕಾಲಿಗೆ ಹತ್ತಿ ರಕ್ತ ಹೀರ್ತು, ಅಲ್ಲಾಡಲಿಲ್ಲ. ಅಮ್ಮನ ಅಳು ನೆನಪಾಯ್ತು, ನಿಟ್ಟುಸಿರೂ ಬಿಡಲಿಲ್ಲ. ಹೊತ್ತು ಇಳೀತು. ಆಮೇಲೆ ದೂರದಲ್ಲಿ ಕಡವೆ ಒಂದ್ಸಲ ಕೂಗ್ತು, ಮರದ ಮೇಲೆ ಮುಸುವ ಕೋತಿ ಖೆಕ್ ಅಂತು, ಆಮೇಲೆ ಕಾಡೇ ಸುಮ್ಮನಾಯ್ತಂತೆ.

ಹುಲಿ ಬಂತು. ಬಂದದ್ದು ನಮ್ಮಜ್ಜ ಕೆರೆಗೆ ಇಳಿಯೋ ಹಾಗೆ, ಹಿಂದಕ್ಕೆ ತಿರುಗಿ, ಬಾಲ ಮೊದಲು ನೀರಿಗಿಳಿದು ಕೂತ್ಕೊಂಡ್ತಂತೆ. ತನಿಯ ಕಾದ, ಈಗ ಹಾರುತ್ತೆ, ಈಗ ಲಾಗ ಹಾಕುತ್ತೆ ಅಂತ. ಅದು ಕಿವಿ ಮೇಲಿನ ನೊಣ ಓಡಿಸ್ತು, ಅಷ್ಟೇ. ಆಮೇಲೆ ಮೆಲ್ಲಗೆ ತಲೆ ಎತ್ತಿ ಮೆಳೆ ಕಡೆ ನೋಡ್ತು. ಬರೀ ನೋಡ್ತು ಮಗಾ. ತನಿಯ ಮೆಲ್ಲಗೆ ಅಜ್ಜಿ ಸೆರಗು ಹಿಡ್ಕೊಂಡ್ನಂತೆ. ಆಮೇಲೆ ಹುಲಿ ಎದ್ದು, ಮೈ ಕೊಡವಿ, ಒಂದೊಂದೇ ಕಾಲು ಎತ್ತಿಟ್ಟು ಹೋಯ್ತಂತೆ.

ಅಜ್ಜೀ, ಅದು ಏನೂ ಮಾಡಲೇ ಇಲ್ಲವಲ್ಲ, ಅಂದ್ನಂತೆ ತನಿಯ. ದೊಡ್ಡೋರಿಗೇನಪ್ಪ, ಯಾರಿಗೆ ತೋರಿಸ್ಕೋಬೇಕು, ಅಂದ್ಳಂತೆ ಕೇತಜ್ಜಿ.

ಊರಿಗೆ ಬಂದೋನು ದೂಮಣ್ಣನ ಅಂಗಳದಲ್ಲಿ ನಾಲ್ಕೇ ಹೆಜ್ಜೆ ಇಟ್ಟು, ಕೂತು, ಮೆಲ್ಲಗೆ ತಲೆ ಎತ್ತಿದ್ನಂತೆ. ದೂಮಣ್ಣನ ಕೈಲಿದ್ದ ವೀಳ್ಯದೆಲೆ ನೆಲಕ್ಕೆ ಬಿತ್ತು. ಸೀದಾ ಒಳಗೆ ಹೋಗಿ ಹಳದಿ ಬಣ್ಣ ತುಂಬಿದ ಮಡಕೆ ತಂದ್ನಂತೆ.

ನವರಾತ್ರಿ ದಿನ ಬೇರೆ ಹುಲಿಗಳೆಲ್ಲ ಲಾಗ ಹಾಕಿದ್ವು, ಜನ ಹೋ ಅಂತ ಕೂಗಿದ್ರು. ಕೊನೆಗೆ ತನಿಯ ಬಂದ. ಹಾರಲಿಲ್ಲ, ಕುಣಿಯಲಿಲ್ಲ, ಒಂದೊಂದೇ ಕಾಲು ಎತ್ತಿಟ್ಟ. ತಾಸೆಯೋರ ಕೋಲು ತಾನಾಗೇ ನಿಧಾನ ಆಯ್ತು, ಗಲಾಟೆ ನಿಂತ್ಹೋಯ್ತು. ಮುಂದೆ ಕೂತಿದ್ದ ಸೇಸಮ್ಮನ ಎದುರು ಬಂದು, ಕೂತು, ತಲೆ ಎತ್ತಿ ನೋಡಿದ್ನಂತೆ. ಸೇಸಮ್ಮ ಅಯ್ಯಯ್ಯೋ ಹುಲಿ ಅಂತ ಚೀರಿ, ಪಕ್ಕದ ಮನೆಯೋಳ ಬೆನ್ನ ಹಿಂದೆ ಅಡಗಿದ್ಳಂತೆ! ತಾನೇ ಹೆತ್ತ ಮಗ, ತಾನೇ ಎತ್ತಿ ಆಡಿಸಿದ ಮಗ. ಗೊತ್ತಾದ್ಮೇಲೆ ನಕ್ಕಳು ನಕ್ಕಳು, ನಗ್ತಾ ನಗ್ತಾ ಅತ್ತಳು, ಹಸಿ ಬಣ್ಣದ ಮೈನೇ ತಬ್ಕೊಂಡು ತಾನೂ ಅರ್ಧ ಹುಲಿಯಾದ್ಳಂತೆ.

ಅಲ್ಲಿಗೆ ಸೇಸಮ್ಮನ ಹರಕೆ ತೀರ್ತು, ತಾಯಿ ಮಗ ಉಂಡು ಸುಖವಾಗಿದ್ರು, ಕತೆ ಅವರ ಮನೆಗೆ ಹೋಯ್ತು, ನಿದ್ದೆ ನಮ್ಮ ಮನೆಗೆ ಬಂತು.