ತಾಪ್‌ಪಿಯೇರ್: ಕಲ್ಲು ಬಡಿದ ಊರು

ಫ್ರಾನ್ಸಿನ ಪಶ್ಚಿಮಕ್ಕೆ, ಜೌಗುನೆಲದ ಅಂಚಿನಲ್ಲಿ, ತಾಪ್‌ಪಿಯೇರ್ ಎಂಬ ಪುಟ್ಟ ಪಟ್ಟಣವಿದೆ. ಒಂದು ಚರ್ಚು, ಎರಡು ಬ್ರೆಡ್ಡಿನಂಗಡಿ, ಆ ಅಂಗಡಿಗಳ ನಡುವೆ ತಲೆಮಾರಿನ ಜಗಳ. ಮಂಜು ಇಳಿದರೆ ಊರು ಹಾಲಿಗೆ ಬಿದ್ದ ಕಲ್ಲುಸಕ್ಕರೆಯಂತೆ ಅಂಚಿನಿಂದ ಕರಗುತ್ತಾ ಬರುತ್ತದೆ. ಹೆಸರಿನ ಅರ್ಥ ‘ಕಲ್ಲು ಬಡಿ’. ಇದು ಕಲ್ಲುಕುಟಿಗರ ಊರಿರಬೇಕೆಂದು ಬಂದವರು ತಿಳಿಯುತ್ತಾರೆ. ಊರಿನವರು ತಿದ್ದುವ ಗೋಜಿಗೆ ಹೋಗುವುದಿಲ್ಲ.

ಹಿಂದೆ ಒಮ್ಮೆ, ಈ ಹೆಸರು ಇನ್ನೂ ಹುಟ್ಟಿರದ ಕಾಲದಲ್ಲಿ, ಏಸು ಶಿಲುಬೆಗೇರಿದ ನೆನಪಿನ ಶುಕ್ರವಾರದಂದೇ, ಊರಿನ ಪೆರೀನ್ ಎಂಬವಳ ಗಂಡ ಆನ್ಸೆಲ್ಮ್ ಜೊಂಡು ಕೊಯ್ಯಲು ದೋಣಿಯಲ್ಲಿ ಹೋದನಂತೆ. ಮಧ್ಯಾಹ್ನ ಮಂಜು ಮುಸುಕಿತು. ಜೌಗಿನಲ್ಲಿ ದಿಕ್ಕು ತಪ್ಪಿದವನಿಗೆ ಚರ್ಚಿನ ಗಂಟೆಯೊಂದೇ ದಾರಿ. ಪೆರೀನ್ ಪಾದ್ರಿಯ ಬಳಿಗೆ ಓಡಿದಳು.

“ಗಂಟೆಗಳು ಎಲ್ಲಿವೆ ಮಗಳೇ? ನಿನ್ನೆಯೇ ರೋಮಿಗೆ ಹಾರಿಹೋದವಲ್ಲ. ಈಸ್ಟರಿಗೆ ಬರುತ್ತವೆ.”

ಆ ದೇಶದ ನಂಬಿಕೆ ಹಾಗೆ. ಆ ದಿನಗಳಲ್ಲಿ ಗಂಟೆ ಬಾರಿಸಕೂಡದು. ಪೆರೀನ್ ತಲೆಯೆತ್ತಿದಳು. ಹಾರಿಹೋದ ಗಂಟೆಗಳು ಗೋಪುರದಲ್ಲಿ ಬಾವಲಿಗಳಂತೆ ತೂಗುತ್ತಿದ್ದವು. ಪಾದ್ರಿ ಗೋಪುರದ ಬೀಗದ ಕೈಯನ್ನು ನಿಲುವಂಗಿಯೊಳಕ್ಕೆ ಸರಿಸಿದ.

ಅವಳು ಹೊಳೆಯ ಒಗೆಯುವ ಕಲ್ಲಿಗೆ ಬಂದು ಮರದ ಕೊಡತಿಯಿಂದ ಬಡಿದಳು. ಒಣ ಸದ್ದು ಮಂಜಿನಲ್ಲೇ ಸತ್ತಿತು. ಒದ್ದೆ ಬಟ್ಟೆಯ ಮೇಲೆ ಬಿದ್ದ ಪೆಟ್ಟು ಮಾತ್ರ ನೀರಿನ ಮೇಲೆ ದೂರ ಓಡುತ್ತದೆ. ಅವಳು ತನ್ನ ಕುಪ್ಪಸವನ್ನು ನೀರಿಗದ್ದಿದಳು.

“ಹುಚ್ಚೀ!” ನೆರೆಮನೆಯ ಮುದುಕಿ ತಿಯೆನೆತ್ ಚೀರಿದಳು. “ಇವತ್ತು ಒಗೆದರೆ ಮನೆಯವರೊಬ್ಬರ ಹೆಣದ ಬಟ್ಟೆ ಒಗೆದ ಹಾಗೆ! ಇರೋದು ನೀವಿಬ್ಬರೇ.”

“ಅದಕ್ಕೇ ಅವನ ಅಂಗಿ ತರಲಿಲ್ಲ, ಅಜ್ಜೀ.”

 ಮುದುಕಿ ತನ್ನ ಸೊಂಟದ ಬಟ್ಟೆಯ ಗಂಟು ಬಿಚ್ಚಿ ನೀರಿಗದ್ದಿದಳು. “ಸರಿ, ಸರಿ. ಒಬ್ಬಳೇ ಒಗೆದರೆ ಸಾವಿಗೆ ವಿಳಾಸ ಸಲೀಸಾಗಿ ಸಿಗುತ್ತೆ. ಆಚೆ ಸರಿ.” ಬೈಯಲೆಂದು ಬಂದ ಹೆಂಗಸರೂ ಒಬ್ಬೊಬ್ಬರಾಗಿ ಮಂಡಿಯೂರಿದರು. ಸದ್ದು ಒಂದರ ಬೆನ್ನಿಗೊಂದು ಬಿಳಿಯೊಳಕ್ಕೆ ನಡೆದುಹೋಯಿತು; ಊರಿನ ಎದೆಯೇ ನಿದ್ದೆಯಲ್ಲಿ ಬಡಿದುಕೊಳ್ಳುತ್ತಿರುವಂತಿತ್ತು ಎನ್ನುತ್ತಾರೆ. ಮುಸ್ಸಂಜೆಗೆ ಮಂಜಿನೊಳಗಿಂದ ಒಂದು ಗಂಟಲು ಕೇಳಿಸಿತು: “ಯಾರವರು, ಇವತ್ತು ಬಟ್ಟೆ ಒಗೆಯೋ ಪಾಪಿಷ್ಠರು?”

ಪೆರೀನ್ ನಗಲೂ ಇಲ್ಲ, ಅಳಲೂ ಇಲ್ಲ. ಗಂಡನ ದೋಣಿಯ ಹಗ್ಗ ಕೈಗೆ ಸಿಗುವವರೆಗೂ ಬಡಿಯುತ್ತಲೇ ಇದ್ದಳಂತೆ. ಆ ವರ್ಷ ಊರಿನಲ್ಲಿ ಸತ್ತದ್ದು ಪಾದ್ರಿಯ ಹೇಸರಗತ್ತೆ ಮಾತ್ರ.

ಪ್ರತಿ ವರ್ಷ ಆ ಶುಕ್ರವಾರ ಸುತ್ತಲ ಊರುಗಳ ಬಟ್ಟೆ ಒಣಹಾಕುವ ಹಗ್ಗಗಳೆಲ್ಲ ಇಂದಿಗೂ ಬರಿದು. ತಾಪ್‌ಪಿಯೇರಿನಲ್ಲಿ ಮಾತ್ರ ಕಿಟಕಿ ಕಿಟಕಿಯಲ್ಲೂ ಒದ್ದೆ ಬಟ್ಟೆ ತೊಟ್ಟಿಕ್ಕುತ್ತಿರುತ್ತದೆ. ಬಂದವರು ಫೋಟೋ ತೆಗೆದುಕೊಳ್ಳುತ್ತಾರೆ. ಒಂಟಿ ವಿಧವೆಯ ಕಿಟಕಿಯಲ್ಲಿ ಕೂಸಿನ ಅಂಗಿ, ಗಾರೆಯವನ ಬಾಗಿಲಲ್ಲಿ ಪಾದ್ರಿಯ ನಿಲುವಂಗಿ. ಯಾರ ಬಟ್ಟೆಯೂ ಅವರವರ ಮನೆಯ ಮುಂದೆ ಇರುವುದಿಲ್ಲ.