ಮುಚ್ಚಳದಡಿಯ ಕೂಸ್‌ಕೂಸ್

“ಅಮ್ಮಾ, ಊಟದ ಮೇಜಿಗೆ ದಾರಿ ಯಾವುದು?” ಎಂದು ಕೂಸ್‌ಕೂಸ್ ಹಳೆಯ ಹಿತ್ತಾಳೆ ಮುಚ್ಚಳವನ್ನು ಕೇಳಿದಳು. ಗೋಧಿರವೆಯಿಂದ ಮಾಡಿದ ಸಣ್ಣ ಸಣ್ಣ ಕಾಳಿನ ಮೈ ಅವಳದು; ಮೊರಾಕೊದಿಂದ ಸಮುದ್ರ ದಾಟಿ ಬಂದವಳು ಮೈಸೂರಿನ ಈ ಅಡುಗೆಮನೆಯಲ್ಲಿ ರವೆ ಡಬ್ಬಿಯ ಹಿಂದೆ ದಾರಿ ತಪ್ಪಿದ್ದಳು.

ಮುಚ್ಚಳ ಉತ್ತರ ಹೇಳುವ ಮೊದಲೇ ಸೌಟು ಮುಂದೆ ಬಂದ. “ನೋಡಿದರೇ ಗೊತ್ತಾಗುತ್ತೆ, ನೀನು ರವೆಯ ತಂಗಿ. ನೀರಿಗೆ ಬೀಳು, ಚೆನ್ನಾಗಿ ಗೊಟಾಯಿಸಿ ಉಪ್ಪಿಟ್ಟು ಮಾಡಿಯೇ ಕಳಿಸ್ತೀನಿ.”

“ಗೊಟಾಯಿಸಿದರೆ ನಾನು ಮುದ್ದೆಯಾಗಿಬಿಡ್ತೀನಣ್ಣ. ನನ್ನ ಪಾಡಿಗೆ ಬಿಟ್ಟರೆ ಸಾಕು,” ಎಂದು ಕೂಸ್‌ಕೂಸ್ ಒಲೆಯಿಂದ ಇಳಿಸಿದ ಪಾತ್ರೆಯ ಬಿಸಿನೀರಿಗೆ ಇಳಿದಳು.

“ಕೈಯಾಡಿಸದೆ ಈ ಮನೆಯಲ್ಲಿ ಯಾವುದೂ ಬೆಂದಿಲ್ಲ,” ಎಂದು ಸೌಟೂ ಹಿಂದೆಯೇ ಹೊರಟ. ಮುಚ್ಚಳ ದಡಕ್ಕನೆ ಪಾತ್ರೆಯ ಮೇಲೆ ಕೂತಳು.

“ಏಳಮ್ಮ, ಒಳಗೇನಾಗ್ತಿದೆಯೋ ನೋಡ್ಬೇಕು.”

“ನೀನು ನೋಡದಿದ್ದರೇ ಅದು ಆಗೋದು. ಕೈ ಸುಮ್ಮನಿರದಿದ್ದರೆ ಪಕ್ಕದಲ್ಲಿ ಜೀರಿಗೆ, ಒಣಮೆಣಸಿನಕಾಯಿ, ಅರಿಶಿನ ಹಾಕಿ ಒಗ್ಗರಣೆ ಮಾಡು.”

ಸೌಟು ಗೊಣಗುತ್ತಲೇ ಹೋದ. ಒಳಗೆ ಕೂಸ್‌ಕೂಸ್ ಹೊಟ್ಟೆ ತುಂಬ ನೀರು ಕುಡಿದು ಕಾಲು ಚಾಚಿದಳು. ಊರು ಬಿಟ್ಟ ಮೇಲೆ ಯಾರೂ ಅವಳನ್ನು ಇಷ್ಟು ಹೊತ್ತು ಸುಮ್ಮನೆ ಬಿಟ್ಟಿರಲಿಲ್ಲ. ಮುಚ್ಚಳ ಎದ್ದಾಗ ಕಾಳಿಗೆ ಕಾಳು ಅಂಟದೆ ಅರಳಿ ಕೂತಿದ್ದಳು. ಒಗ್ಗರಣೆ ಬಿದ್ದದ್ದೇ ತಡ, ಸೌಟಿನ ದನಿಯೇ ಬದಲಾಯಿತು. “ಬಾ ತಾಯಿ, ಮೇಜಿಗೆ ನಾನೇ ಹೊತ್ತುಕೊಂಡು ಹೋಗ್ತೀನಿ.”

“ಸ್ವಲ್ಪ ತಡಿಯಣ್ಣ, ಒಬ್ಬರ ಸಾಲ ಉಳಿದಿದೆ,” ಎಂದಳು ಕೂಸ್‌ಕೂಸ್. ಜನ್ಮವಿಡೀ ಹಬೆಯನ್ನಷ್ಟೇ ಕುಡಿದು, ಯಾವ ಅಡುಗೆಯ ರುಚಿಯನ್ನೂ ಕಾಣದ ಆ ಮುಚ್ಚಳದ ಅಂಚಿಗೆ ಒಗ್ಗರಣೆ ಮೆತ್ತಿದ ನಾಲ್ಕು ಕಾಳು ಅಂಟಿಸಿದಳು.